ಹಿಮ ಸುರಿದ ರಾತ್ರಿ, ಒಂದು ಮಡಕೆ ಚೀಸ್

ನಿನ್ನೆ ಇಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಮಧ್ಯಾಹ್ನದಿಂದಲೇ ಬಿಡದೆ ಹಿಮ ಸುರಿಯುತ್ತಿದ್ದುದರಿಂದ, ನಾವಿಬ್ಬರು ನಾಲ್ವರು ಸ್ನೇಹಿತರನ್ನು ಮನೆಗೆ ಕರೆದು, ಕರಗಿಸಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂ ಮಾಡಿದೆವು. ಬೆಳ್ಳುಳ್ಳಿ ಉಜ್ಜಿದ ದಪ್ಪ ಮಡಕೆಯಲ್ಲಿ ಬಿಳಿ ವೈನ್ ಬಿಸಿಮಾಡಿ, ಸಮಪಾಲಿನಲ್ಲಿ ತುರಿದ ಗ್ರುಯೇರ್ ಮತ್ತು ವಾಶೆರಾಂ ಚೀಸ್‌ಗಳನ್ನು ಹಿಡಿಹಿಡಿಯಾಗಿ ಹಾಕುತ್ತ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಬೇಕು. ನಾನು ಅವಸರಪಟ್ಟು ಉರಿ ಏರಿಸಿದೆ. ಕ್ಷಣಾರ್ಧದಲ್ಲಿ ಜಿಡ್ಡು ಮೇಲೆ ತೇಲಿ, ಅಡಿಯಲ್ಲಿ ರಬ್ಬರಿನಂಥ ಮುದ್ದೆ ಕುಳಿತಿತು. ಅತಿಥಿಗಳಾಗಲೇ ಕೈಯಲ್ಲಿ ಉದ್ದನೆಯ ಫೋರ್ಕ್ ಹಿಡಿದು ಕಾಯುತ್ತಿದ್ದರು! ಪಕ್ಕದ ಮನೆಯ ಅಜ್ಜಿ ಹಿಂದೊಮ್ಮೆ ಹೇಳಿಕೊಟ್ಟಿದ್ದಂತೆ, ಸ್ವಲ್ಪ ನಿಂಬೆರಸವನ್ನೂ ವೈನಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರನ್ನೂ ಸೇರಿಸಿ ಜೋರಾಗಿ ತಿರುವಿದಾಗ ಅದು ಮತ್ತೆ ಒಂದಾಗಿ, ದೋಸೆ ಹಿಟ್ಟಿನ ಹದಕ್ಕೆ ಬಂತು. ಹುಳಿಯು ಹಾಲಿನ ಪ್ರೋಟೀನು ಗಂಟುಕಟ್ಟದಂತೆ ತಡೆದರೆ, ಹಿಟ್ಟು ಜಿಡ್ಡನ್ನು ಬೇರ್ಪಡದಂತೆ ಹಿಡಿದಿಡುತ್ತದೆ.

ಬೆಟ್ಟದ ಬಡ ರೈತರ ಅನಾದಿ ಕಾಲದ ಊಟವೆಂದು ನಾನು ನಂಬಿದ್ದ ಫಾಂಡ್ಯೂವನ್ನು ದೇಶದ ತಿನಿಸಾಗಿ ಮನೆಮನೆಗೆ ಮುಟ್ಟಿಸಿದ್ದು, ಮುಖ್ಯವಾಗಿ 1930ರ ದಶಕದಲ್ಲಿ ಚೀಸ್ ಮಾರಾಟ ಹೆಚ್ಚಿಸಲು ಸ್ವಿಸ್ ಚೀಸ್ ಒಕ್ಕೂಟ ನಡೆಸಿದ ಪ್ರಚಾರ. ಅದನ್ನು ತಿಳಿದ ಮೇಲೂ ನನಗೇನೂ ಬೇಸರವಾಗಲಿಲ್ಲ. ಎಂಜಲಿನ ವಿಷಯದಲ್ಲಿ ಕಟ್ಟುನಿಟ್ಟಾದ ಮನೆಯಲ್ಲಿ ಬೆಳೆದ ನಾನು ಒಂದೇ ಮಡಕೆಗೆ ಆರು ಜನ ಬ್ರೆಡ್ ಅದ್ದುವುದನ್ನು ಒಪ್ಪಿಕೊಂಡದ್ದೇ ನನಗೆ ಹೆಚ್ಚಿನ ಸೋಜಿಗ. ಕೊನೆಗೆ ತಳದಲ್ಲಿ ಹೊಂಬಣ್ಣಕ್ಕೆ ತಿರುಗಿ ಹಪ್ಪಳದಂತೆ ಗರಿಗರಿಯಾಗಿದ್ದ ಸೀಕನ್ನು ಚಾಕುವಿನಿಂದ ಎಬ್ಬಿಸಿ, ಆರು ಚೂರು ಮಾಡಿ ಹಂಚಿಕೊಂಡೆವು.