ಸ್ಪಿತಿಗೆ ಸೈಕಲ್ ತಗೊಂಡು ಹೋಗೋರು ಮೊದ್ಲು ಟೈರ್ ನೋಡ್ಕೊಳ್ಳಿ

ಹಿಮಾಚಲದಲ್ಲಿ ಶಿಮ್ಲಾದಿಂದ ಕಿನ್ನೌರ್ ಹಿಡ್ದು ಸ್ಪಿತಿಯ ಮುಖ್ಯ ಊರು ಕಾಜಾ, ಅಲ್ಲಿಂದ ಕುಂಜುಮ್ ಪಾಸ್ (ಬೆಟ್ಟ ದಾಟೋ ಎತ್ತರದ ದಾರಿ) ದಾಟಿ ಮನಾಲಿ. ಈ ರೂಟಲ್ಲಿ ಸೈಕಲ್ ತುಳೀಬೇಕು ಅನ್ನೋರು ಟೆಂಟು, ಜಾಕೆಟ್ಟು, ಬ್ಯಾಗು ಎಲ್ಲದರ ಬಗ್ಗೆ ತಿಂಗಳುಗಟ್ಲೆ ವಿಚಾರಿಸ್ತಾರೆ, ಟೈರ್ ಮಾತ್ರ ಸೈಕಲ್ ಜೊತೆ ಬಂದಿದ್ದೇ ಸಾಕು ಅಂತ ಬಿಟ್ಬಿಡ್ತಾರೆ. ಈ ದಾರಿ ಮುಗ್ಸಿ ಬಂದ್ಮೇಲೆ ನಾನು ಹೇಳೋದು ಒಂದೇ: ದುಡ್ಡು ಹಾಕೋದಾದ್ರೆ ಮೊದ್ಲು ಟೈರಿಗೆ ಹಾಕಿ, ಟೈರಲ್ಲೂ ಬಟನ್ (ಮೇಲಿನ ರಬ್ಬರ್ ಉಬ್ಬು) ಎಷ್ಟು ದಪ್ಪ ಇದೆ ಅಂತ ನೋಡೋಕಿಂತ ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ಎಷ್ಟು ಗಟ್ಟಿ ಇದೆ ಅಂತ ನೋಡಿ.

ಯಾಕೆ ಅಂದ್ರೆ ದಾರಿ ಹಂಗಿದೆ. ಶಿಮ್ಲಾದಿಂದ ಕಾಜಾಕ್ಕೆ ಹತ್ತಿರತ್ತಿರ 420 ಕಿ.ಮೀ., ನಾಕೋ ಹತ್ರ ಮಾಲಿಂಗ್ ನಾಲಾ ಥರ ಗುಡ್ಡ ಕುಸಿಯೋ ಜಾಗ ಬಿಟ್ರೆ ಬಹುಪಾಲು ಡಾಂಬರೇ. ದಪ್ಪ ಬಟನ್ನಿನ ಮಡ್ ಟೈರ್ ಹಾಕ್ಕೊಂಡು ಹೋದ್ರೆ ಅಷ್ಟು ದೂರ ಗುರ್ರ್ ಅಂತ ಎಳ್ಕೊಂಡು ತುಳೀಬೇಕು, ಕಾಜಾ ಮುಟ್ಟೋಷ್ಟ್ರಲ್ಲಿ ಹಿಂದಿನ ಟೈರಿನ ನಡುಭಾಗ ಸವೆದಿರುತ್ತೆ. ನಿಜವಾದ ಆಫ್‌ರೋಡ್ ಶುರುವಾಗೋದು ಕುಂಜುಮ್ (ಸುಮಾರು 4,550 ಮೀಟರ್) ಇಳಿದ್ಮೇಲೆ, ಬಾತಲ್‌ನಿಂದ ಛತ್ರು, ಅಲ್ಲಿಂದ ಗ್ರಾಂಫೂ. ಅದು ರಸ್ತೆ ಅನ್ನೋಕಿಂತ ಹೊಳೆಪಾತ್ರ ಅನ್ನಬಹುದು, ತಲೆ ಗಾತ್ರದ ಕಲ್ಲು, ಸಂದಿಯಲ್ಲಿ ಚೂಪಾದ ಚೂರು, ಮೇಲೆ ಹಿಮ ಕರಗಿ ಹರಿಯೋ ನೀರು. ಕೆಸರು ಅಷ್ಟಿಲ್ಲ, ನಮ್ಮ ಮಲೆನಾಡಿನ ಜಿಗುಟು ಮಣ್ಣಂತೂ ಇಲ್ವೇ ಇಲ್ಲ. ಇಲ್ಲಿ ಟೈರ್ ಸಾಯೋದು ಜಾರಿ ಅಲ್ಲ, ಪಕ್ಕದಲ್ಲಿ ಸೀಳಿ.

ಹಂಗಾಗಿ ನಡುವೆ ಬಟನ್ ಗಿಡ್ಡಕ್ಕೆ ಒತ್ತೊತ್ತಾಗಿ, ಅಂಚಲ್ಲಿ ಸ್ವಲ್ಪ ಎತ್ತರಕ್ಕೆ ಇರೋ ಟೈರ್ ಇದಕ್ಕೆ ಸರಿ. ವಿಟ್ಟೋರಿಯಾ ಮೆಜ್ಕಲ್, ಮ್ಯಾಕ್ಸಿಸ್ ಐಕಾನ್ ಈ ಜಾತಿಯವು, ಮುಂದಿನ ಚಕ್ರಕ್ಕೆ ಇನ್ನೂ ಹಿಡಿತ ಬೇಕು ಅನ್ನೋರು ಮ್ಯಾಕ್ಸಿಸ್‌ನದ್ದೇ ಆರ್ಡೆಂಟ್ ಹಾಕ್ಬಹುದು. ಒಂದೇ ಮಾಡೆಲ್‌ನಲ್ಲೇ ಸೈಡ್‌ವಾಲಿಗೆ ಎಕ್ಸ್‌ಟ್ರಾ ಪದರ ಇರೋದು, ಇಲ್ದೆ ಇರೋದು ಎರಡೂ ಬರುತ್ತೆ, ಮ್ಯಾಕ್ಸಿಸ್‌ನಲ್ಲಾದ್ರೆ ಎಕ್ಸೋ ಅಂತ ಬರೆದಿರುತ್ತೆ, ತೂಕ ಸ್ವಲ್ಪ ಜಾಸ್ತಿ ಆದ್ರೂ ಪದರ ಇರೋದನ್ನೇ ತಗೊಳ್ಳಿ. ಅಗಲ 2.25ರಿಂದ 2.4 ಇಂಚು ಸಾಕು, ಆದ್ರೆ ಕೊಳ್ಳೋಕೆ ಮುಂಚೆ ಫ್ರೇಮ್ ಸಂದಿಯಲ್ಲಿ ಟೈರಿನ ಎರಡೂ ಪಕ್ಕ ಕಿರುಬೆರಳಿನ ಅರ್ಧ ದಪ್ಪದಷ್ಟಾದ್ರೂ ಜಾಗ ಉಳಿಯುತ್ತಾ ನೋಡಿ, ಇಲ್ಲಾಂದ್ರೆ ಒಂದು ಸಣ್ಣ ಕಲ್ಲು ಸಿಕ್ಕಾಕ್ಕೊಂಡ್ರೂ ಫ್ರೇಮ್ ಕೆರೆದುಬಿಡುತ್ತೆ.

ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ದೆ ಟೈರಲ್ಲೇ ಗಾಳಿ ನಿಲ್ಸೋದು) ಮಾಡಿಸ್ಲಾ ಅಂತ ಎಲ್ರೂ ಕೇಳ್ತಾರೆ. ಮಾಡಿಸಿ. ಟ್ಯೂಬ್ ಇದ್ರೆ ಕಲ್ಲಿಗೆ ಹೊಡೆದಾಗ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಚರ್ ಆಗುತ್ತೆ ಅಂತ ಗಾಳಿ ಜಾಸ್ತಿ ಹಾಕ್ತೀವಿ, ಗಾಳಿ ಜಾಸ್ತಿ ಆದ್ರೆ ಕೈ ಮರಗಟ್ಟುತ್ತೆ, ಹಿಡಿತವೂ ಹೋಗುತ್ತೆ. 70 ಕೆ.ಜಿ. ಆಸಾಮಿ, 15 ಕೆ.ಜಿ. ಲಗೇಜ್ ಅಂದ್ರೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 22–25, ಹಿಂದೆ 26–30 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸಾಕಾಗುತ್ತೆ. ಸಣ್ಣ ತೂತು ತಾನೇ ಮುಚ್ಚಲಿ ಅಂತ ಟೈರೊಳಗೆ ಹಾಕೋ ದ್ರವ, ಅಂದ್ರೆ ಸೀಲಂಟ್, ಕೆಲವೇ ತಿಂಗಳಲ್ಲಿ ಒಣಗುತ್ತೆ, ಹೊರಡೋ ವಾರದಲ್ಲಿ ಹೊಸದು ಹಾಕಿ, ಒಂದು ಸಣ್ಣ ಬಾಟ್ಲಿ ಜೊತೆಗೂ ಇಟ್ಕೊಳ್ಳಿ.

ಸೀಲಂಟ್ ಎಲ್ಲಾ ಮುಚ್ಚುತ್ತೆ ಅಂತ ಮಾತ್ರ ನಂಬಬೇಡಿ. ಬಾತಲ್ ದಾಟಿದ್ಮೇಲೆ ನಮ್ಮ ಜೊತೆಯವ್ರೊಬ್ರ ಹಿಂದಿನ ಟೈರ್ ಪಕ್ಕದಲ್ಲಿ ಹೆಬ್ಬೆರಳುಗುರಿನಷ್ಟು ಸೀಳ್ತು, ಬಿಳೀ ಸೀಲಂಟ್ ಬುಸ್ ಅಂತ ಕಾಲಿಗೆಲ್ಲಾ ಚಿಮ್ತಾ ಇತ್ತು, ತೂತಿಗೆ ತುರುಕೋ ರಬ್ಬರ್ ಪ್ಲಗ್ ಒತ್ತಿದ್ರೆ ನಿಲ್ತಾನೇ ಇಲ್ಲ. ಆಮೇಲೆ ಟೈರ್ ಬಿಚ್ಚಿ, ಒರೆಸಿ, ದಪ್ಪ ಸೂಜಿ ನೈಲಾನ್ ದಾರದಲ್ಲಿ ಹೊಲಿದು, ಒಳಗಡೆ ಹಳೇ ಟೈರಿನ ತುಂಡೊಂದನ್ನ ಇಟ್ಟು, ಟ್ಯೂಬ್ ಹಾಕಿ ಮೆಲ್ಲಗೆ ತುಳ್ಕೊಂಡು ಛತ್ರು ಮುಟ್ಟಿದ್ವಿ. ಸೂಜಿ, ದಾರ, ಟೈರ್ ತುಂಡು, ಎರಡು ಟ್ಯೂಬು, ಇವು ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗೋ ಕಡೆ ಇರ್ಲಿ.

ಇನ್ನೊಂದು ವಿಷ್ಯ, ಎತ್ತರ. ಮೇಲೆ ಹೋಗ್ತಾ ಹೊರಗಿನ ಗಾಳಿಯ ಒತ್ತಡ ಕಮ್ಮಿ ಆಗೋದ್ರಿಂದ ಗೇಜಲ್ಲಿ ಟೈರಿನ ಒತ್ತಡ ಏರುತ್ತೆ, ಶಿಮ್ಲಾದಲ್ಲಿ ತುಂಬಿದ್ದು ಕುಂಜುಮ್ ಮೇಲೆ ಸುಮಾರು 3 ಪಿಎಸ್‌ಐ ಜಾಸ್ತಿ ತೋರ್ಸುತ್ತೆ, ಬೆಳಗಿನ ಚಳಿಗೆ ಮತ್ತೆ ಇಳಿಯುತ್ತೆ. ಅದಕ್ಕೇ ಸಣ್ಣ ಡಿಜಿಟಲ್ ಗೇಜ್ ಬೇಕು, ಕೈಯಲ್ಲಿ ಒತ್ತಿ ನೋಡೋದು ಲೆಕ್ಕಕ್ಕೆ ಬರಲ್ಲ. ಪಂಪ್ ಕೂಡ ಒಳ್ಳೇದೇ ತಗೊಳ್ಳಿ, ಅಲ್ಲಿ ಗಾಳಿ ತೆಳು, ಒಂದೊಂದು ಒತ್ತಿಗೂ ಒಳಗೆ ಹೋಗೋದು ಕಮ್ಮಿ, ನಿಮಗೂ ಏದುಸಿರು.

ರಸ್ತೆಗೆ ಅಡ್ಡ ಹರಿಯೋ ನಾಲಾಗಳನ್ನ (ತೊರೆಗಳನ್ನ) ಬೆಳಗ್ಗೇನೇ ದಾಟಿ, ಬಿಸ್ಲೇರಿದ್ರೆ ಹಿಮ ಕರಗಿ ನೀರು ಜಾಸ್ತಿ ಆಗುತ್ತೆ, ಕೆಳಗಿನ ಕಲ್ಲು ಕಾಣಲ್ಲ. ದಾಟಿದ್ಮೇಲೆ ಚಕ್ರ ತಿರುಗ್ಸಿ ಎರಡೂ ಪಕ್ಕ ಬೆರಳಾಡ್ಸಿ ನೋಡಿ, ಸೀಲಂಟ್ ಗುಳ್ಳೆ ಕಂಡ್ರೆ ಅಲ್ಲೇ ನಿಲ್ಸಿ.

ಕಾಜಾದಲ್ಲಿ ಪೆಟ್ರೋಲ್ ಬಂಕ್ ಇದೆ, ಊಟ ತಿಂಡಿ ರೂಮು ಎಲ್ಲಾ ಸಿಗುತ್ತೆ, ಆದ್ರೆ ನಿಮ್ಮ ಅಳತೆಯ ಟ್ಯೂಬ್‌ಲೆಸ್ ಟೈರ್ ಸಿಗುತ್ತೆ ಅಂತ ನೆಚ್ಕೊಂಡು ಹೋಗ್ಬೇಡಿ. ಗುಂಪಲ್ಲಿ ಹೋಗೋರು ಸಾಧ್ಯ ಆದ್ರೆ ಎಲ್ರೂ ಒಂದೇ ಸೈಜಿನ ಚಕ್ರ ಇಟ್ಕೊಳ್ಳಿ, 29 ಇಂಚು ಆದ್ರೆ ಎಲ್ರೂ 29, ಆಗ ಮಡಚೋ ಟೈರ್ ಒಂದನ್ನ ಸ್ಪೇರ್ ತಗೊಂಡು ಹೋದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ.