ಫ್ಲಾಸ್ಕಿನ ತಳದ ಗಾಜಿನ ಮೊನೆ

ನಮ್ಮ ಮನೆಯ ಹಳೆಯ ಗಾಜಿನ ಫ್ಲಾಸ್ಕಿನಲ್ಲಿ ಹಾಕಿಟ್ಟ ಕಾಫಿ ಕಳೆದ ತಿಂಗಳು ಇದ್ದಕ್ಕಿದ್ದಂತೆ ಗಂಟೆಯೊಳಗೇ ಆರಿಹೋಗತೊಡಗಿತು. ಗಾಜು ಒಡೆದಿರಲಿಲ್ಲ, ಎಲ್ಲೂ ಸೋರುತ್ತಿರಲಿಲ್ಲ, ಬಿರಡೆಯೂ ಬಿಗಿಯಾಗಿಯೇ ಇತ್ತು. ತಳದ ಪ್ಲಾಸ್ಟಿಕ್ ಬಿಲ್ಲೆಯನ್ನು ತಿರುಗಿಸಿ ಬಿಚ್ಚಿ, ಒಳಗಿನ ಗಾಜನ್ನು ಹೊರತೆಗೆದು ಮಗುಚಿ ನೋಡಿದಾಗ, ಅದರ ಅಡಿಯಲ್ಲಿದ್ದ ಚೂಪಾದ ಮೊನೆಯಿಂದ ಅಕ್ಕಿನುಚ್ಚಿನಷ್ಟು ಚೂರು ಮುರಿದುಹೋಗಿರುವುದು ಕಂಡಿತು.

ಫ್ಲಾಸ್ಕಿನ ಜೀವವಿರುವುದು ಆ ಮೊನೆಯಲ್ಲಿಯೇ. ಒಂದರೊಳಗೊಂದು ಇರುವ ಎರಡು ಗಾಜಿನ ಗೋಡೆಗಳ ನಡುವಿನ ಗಾಳಿಯನ್ನು ಅಲ್ಲಿಂದಲೇ ಹೀರಿ ಹೊರತೆಗೆದು, ಆಮೇಲೆ ಆ ತೂತನ್ನು ಕಾಯಿಸಿ ಕರಗಿಸಿ ಮುಚ್ಚಿರುತ್ತಾರೆ. ಶಾಖವನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸಾಗಿಸಲು ಗಾಳಿಯೇ ಇಲ್ಲದಿರುವಾಗ ವಹನಕ್ಕೂ (ವಸ್ತುವಿನ ಮೂಲಕ ಶಾಖ ಹರಿಯುವುದು) ಸಂವಹನಕ್ಕೂ (ಚಲಿಸುವ ಗಾಳಿ ಶಾಖವನ್ನು ಹೊತ್ತೊಯ್ಯುವುದು) ದಾರಿಯಿರುವುದಿಲ್ಲ. ಆದರೆ ಸೂರ್ಯನ ಬಿಸಿ ಬರಿದಾದ ಆಕಾಶವನ್ನು ದಾಟಿ ನಮ್ಮನ್ನು ಮುಟ್ಟುವಂತೆ, ವಿಕಿರಣವು, ಅಂದರೆ ಕಿರಣಗಳಾಗಿ ಹರಡುವ ಶಾಖವು, ಗಾಳಿಯಿಲ್ಲದ ಈ ನಿರ್ವಾತವನ್ನೂ ದಾಟಬಲ್ಲದು. ಅದನ್ನು ಹಿಂದಕ್ಕೆ ತಿರುಗಿಸುವುದಕ್ಕಾಗಿಯೇ ಗಾಜಿಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಲೇಪ ಕೊಟ್ಟಿರುತ್ತಾರೆ.

1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಿಜ್ಞಾನಿ ಜೇಮ್ಸ್ ಡೀವಾರ್ ಈ ಬಗೆಯ ಫ್ಲಾಸ್ಕನ್ನು ರೂಪಿಸಿದ್ದು ಕಾಫಿಗಾಗಿ ಅಲ್ಲ, ದ್ರವರೂಪಕ್ಕಿಳಿಸಿದ ಅನಿಲಗಳನ್ನು ಕಾಪಾಡಿಕೊಳ್ಳುವುದಕ್ಕಾಗಿ. ಮೈನಸ್ 183 ಡಿಗ್ರಿಯಲ್ಲೇ ಕುದಿಯುವ ದ್ರವ ಆಮ್ಲಜನಕಕ್ಕೆ ಮಾಮೂಲಿ ಕೋಣೆಯೇ ಉರಿಯುವ ಒಲೆಯಿದ್ದಂತೆ. ಡೀವಾರ್ ಪೇಟೆಂಟ್ ಪಡೆಯಲಿಲ್ಲ. 1904ರಲ್ಲಿ ಜರ್ಮನಿಯಲ್ಲಿ ಸ್ಥಾಪನೆಯಾದ ಥರ್ಮಾಸ್ ಕಂಪನಿ ಅದನ್ನು ಮನೆಬಳಕೆಗೆ ತಂದಿತು.

ಎರಡೂ ಗೋಡೆಗಳು ಒಂದನ್ನೊಂದು ಕೂಡುವುದು ಕತ್ತಿನಲ್ಲಿ ಮಾತ್ರ. ಹೀಗಾಗಿ ಶಾಖವು ಹೆಚ್ಚಾಗಿ ನುಸುಳಿಹೋಗುವುದು ಕತ್ತು ಮತ್ತು ಮುಚ್ಚಳದ ಮೂಲಕವೇ, ಅದರಲ್ಲೂ ಅಗಲ ಬಾಯಿಯ ಊಟದ ಫ್ಲಾಸ್ಕುಗಳಲ್ಲಿ ಇದು ಇನ್ನೂ ಹೆಚ್ಚು. ಕಾಫಿ ಸುರಿಯುವ ಮೊದಲು ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿದರೆ, ಒಳಗೋಡೆಯನ್ನು ಕಾಯಿಸುವುದಕ್ಕೆ ಕಾಫಿಯ ಬಿಸಿ ಖರ್ಚಾಗುವುದಿಲ್ಲ.

ತಣ್ಣನೆಯದನ್ನು ಫ್ಲಾಸ್ಕ್ ಹೆಚ್ಚು ಹೊತ್ತು ಕಾಪಾಡುವುದೇಕೆಂದು ಹಲವರು ಕೇಳುತ್ತಾರೆ. ಹೊರಗೆ 28 ಡಿಗ್ರಿಯಿದ್ದರೆ 90 ಡಿಗ್ರಿಯ ಕಾಫಿಗೂ ಹೊರಗಿನ ಗಾಳಿಗೂ 62 ಡಿಗ್ರಿ ಅಂತರವಿರುತ್ತದೆ, ಮಂಜುಗಡ್ಡೆ ಹಾಕಿದ ನೀರಿಗೆ ಕೇವಲ 28. ಅಂತರ ಕಡಿಮೆಯಾದಷ್ಟೂ ಶಾಖದ ಹರಿವು ನಿಧಾನ. ಜೊತೆಗೆ ಒಂದು ಗ್ರಾಂ ಮಂಜುಗಡ್ಡೆ ಬರಿದೆ ಕರಗುವುದಕ್ಕೇ ಸುಮಾರು 80 ಕ್ಯಾಲೊರಿ ಶಾಖವನ್ನು ನುಂಗುತ್ತದೆ.

ಎಳೆಯ ಮಕ್ಕಳಿರುವ ಮನೆಗಳಲ್ಲಿ ಒಂದು ಎಚ್ಚರ ಇರಲೇಬೇಕು. ಬೆರೆಸಿದ ಹಾಲಿನ ಪುಡಿಯನ್ನು ಫ್ಲಾಸ್ಕಿನಲ್ಲಿ ಉಗುರುಬೆಚ್ಚಗೆ ಇಟ್ಟರೆ ಬ್ಯಾಕ್ಟೀರಿಯಾಗಳು ಬೆಳೆಯಲು ಅದಕ್ಕಿಂತ ಹಿತವಾದ ಜಾಗ ಬೇರೆ ಸಿಗದು. ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿಯೂ ಪುಡಿಯನ್ನು ಬೇರೆಯಾಗಿಯೂ ಒಯ್ದು, ಬೇಕಾದಾಗಲೇ ಬೆರೆಸಿ, ಕುಡಿಯುವ ಹದಕ್ಕೆ ಆರಿಸಿ ಕೊಡಬೇಕು.

ನಮ್ಮ ಫ್ಲಾಸ್ಕಿನ ಮೊನೆಯ ಕೆಳಗಿದ್ದ ರಬ್ಬರ್ ಮೆತ್ತೆ ಸವೆದು ತೆಳ್ಳಗಾಗಿತ್ತು, ಅಡುಗೆಮನೆಯ ಕಲ್ಲಿನ ಮೇಲೆ ಕುಕ್ಕಿದಾಗಲೆಲ್ಲ ಪೆಟ್ಟು ನೇರವಾಗಿ ಗಾಜಿಗೇ ತಾಗುತ್ತಿತ್ತು. ಪಾತ್ರೆ ಅಂಗಡಿಯಿಂದ ಹೊಸ ಗಾಜಿನ ಜೊತೆಗೆ ಒಂದು ಹೊಸ ಮೆತ್ತೆಯನ್ನೂ ಕೇಳಿ ತಂದು ಕೂರಿಸಿದ್ದೇನೆ.