ಗಟ್ಟಿ ನೆಲದಲ್ಲಿ ತೋಡಿದ ಗುಂಡಿ

ನೆಲ ಬಂಜರಾಗೋದು ಅಂದ ಕೂಡಲೇ ಮರಳುಗಾಡು ಊರೊಳಗೆ ನುಗ್ಗುವ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ಹೆಚ್ಚಿನ ಕಡೆ ಆಗೋದು ಹಾಗಲ್ಲ. ಮರ ಕಡಿದು, ಮಿತಿಮೀರಿ ಮೇಯಿಸಿ, ಮೇಲ್ಮಣ್ಣು ಕೊಚ್ಚಿಹೋಗಿ ನೆಲ ಗಟ್ಟಿಯಾಗುತ್ತದೆ. ಆಮೇಲೆ ಮಳೆ ಬಂದರೂ ನೀರು ಇಂಗುವುದಿಲ್ಲ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಾಡೊಗೊ ಅಂಥ ನೆಲದಲ್ಲೇ ಕಾಡು ಬೆಳೆಸಿದರು. 'ಜಾಯ್' ಅನ್ನೋದು ಅಲ್ಲಿನ ಹಳೇ ಪದ್ಧತಿ. ಬೇಸಿಗೆಯಲ್ಲೇ ಸಣ್ಣ ಸಣ್ಣ ಗುಂಡಿ ತೋಡಿ, ಒಳಗೆ ಗೊಬ್ಬರ ಹಾಕಿಡುತ್ತಾರೆ. ಗೊಬ್ಬರ ಹುಡುಕಿ ಗೆದ್ದಲು ಬರುತ್ತವೆ. ಅವು ಕೊರೆದ ದಾರಿಯಲ್ಲೇ ಮೊದಲ ಮಳೆಯ ನೀರು ಕೆಳಗಿಳಿಯುತ್ತದೆ. ಸವಾಡೊಗೊ ಗುಂಡಿಗಳನ್ನು ಇನ್ನಷ್ಟು ದೊಡ್ಡದು ಮಾಡಿದರು. ಜೋಳದ ಜೊತೆ ಮರಗಳೂ ಎದ್ದವು. ಗೆದ್ದಲನ್ನೇ ಕೆಲಸಕ್ಕೆ ಹಚ್ಚಿದ ಆ ಬುದ್ಧಿ ನನಗೆ ತುಂಬಾ ಇಷ್ಟ!

ದೇಶಗಳೂ ಸುಮ್ನೆ ಕೂತಿಲ್ಲ. ನೆಲ ಬಂಜರಾಗೋದನ್ನು ತಡೆಯಲು 1994ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಆಯಿತು. 2007ರಲ್ಲಿ ಆಫ್ರಿಕಾ ಒಕ್ಕೂಟ 'ಮಹಾ ಹಸಿರು ಗೋಡೆ' ಅನ್ನೋ ಯೋಜನೆ ಶುರುಮಾಡಿತು. 2030ರೊಳಗೆ 10 ಕೋಟಿ ಹೆಕ್ಟೇರ್ ನೆಲ ಸರಿಪಡಿಸುವ ಗುರಿ ಅದರದ್ದು. ಮೊದಲು ಸಹಾರಾ ಮರುಭೂಮಿಯ ಅಂಚಿನುದ್ದಕ್ಕೂ ಮರಗಳ ಸಾಲು ನೆಡುವ ಯೋಚನೆ ಇತ್ತು. ಈಗ ಹೊಲ, ಹುಲ್ಲುಗಾವಲು, ನೀರು ಎಲ್ಲವೂ ಸೇರಿವೆ. ಇದೇ ಸರಿ ಅನ್ನಿಸುತ್ತದೆ.

ಬೇಸರ ಆಗೋದು ಬರಗಾಲದ ವಿಷಯಕ್ಕೆ. 2024ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಆ ವಿಶ್ವಸಂಸ್ಥೆ ಒಪ್ಪಂದದ ದೇಶಗಳೆಲ್ಲ ಸೇರಿದ್ದವು. ಬರ ಎದುರಿಸಲು ಜಾಗತಿಕ ಒಪ್ಪಂದವೊಂದು ಆಗುತ್ತದೆ ಅನ್ನೋ ನಿರೀಕ್ಷೆ ಇತ್ತು. ಮಾತು ಮುಗಿಯಲಿಲ್ಲ, ಎರಡು ವರ್ಷದ ನಂತರದ ಸಭೆಗೆ ಹೋಯಿತು. ಮಳೆ ನಂಬಿಕೊಂಡು ಬಿತ್ತುವವರಿಗೆ ಆ ಎರಡು ವರ್ಷ ತುಂಬಾ ಜಾಸ್ತಿ.